ಏಳನೇ ಪಂಕದ ಕಾಗೆಗಳು

ಸತ್ತ ಹಕ್ಕಿಗಳನ್ನು ಹುಡುಕುವ ಕೆಲಸ ನನಗೆ ಸಿಕ್ಕಾಗ ನನಗೆ ನಲವತ್ತೊಂದು ವರ್ಷ. ಅದಕ್ಕೂ ಮೊದಲು ವಿಜಯಪುರದ ಒಂದು ಖಾಸಗಿ ಕಾಲೇಜಿನಲ್ಲಿ ಎಂಟು ವರ್ಷ ಜೀವಶಾಸ್ತ್ರ ಕಲಿಸಿದ್ದೆ. ಮಕ್ಕಳ ಸಂಖ್ಯೆ ಕಡಿಮೆಯಾಗಿ ಆ ಕಾಲೇಜು ಮುಚ್ಚಿತು. ಜಲನಗರದ ಮನೆಯಲ್ಲಿ ಆರು ತಿಂಗಳು ಸುಮ್ಮನೆ ಕೂತೆ. ಆಗ ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ, ಟಿಕೋಟಾ ಮತ್ತು ಬಬಲೇಶ್ವರದ ನಡುವಿನ ದಿನ್ನೆಯ ಮೇಲೆ ಗಾಳಿಯಂತ್ರಗಳು ನಿಂತಿವೆ, ಅವುಗಳ ರೆಕ್ಕೆಗೆ ಬಡಿದು ಎಷ್ಟು ಹಕ್ಕಿ ಸಾಯುತ್ತವೆ ಎಂದು ಬರೆದುಕೊಳ್ಳುವವರು ಬೇಕಂತೆ, ಹೋಗುತ್ತೀರಾ ಎಂದು ಕೇಳಿದರು. ನಾನು ಹ್ಞೂಂ ಅಂದೆ. ನನ್ನ ಗಂಡ ಸರಕಾರಿ ಕಚೇರಿಯ ನೌಕರರು. ಅವರು ಸ್ಕೂಟರಿನ ಟೈರು ಬದಲಾಯಿಸಿಕೋ ಎಂದಷ್ಟೇ ಹೇಳಿದರು.

ಬೆಳಿಗ್ಗೆ ಆರಕ್ಕೆ ಮನೆ ಬಿಡುತ್ತಿದ್ದೆ. ಅಥಣಿ ರಸ್ತೆಯ ಹೊಸ ಬಡಾವಣೆಗಳು, ಆಮೇಲೆ ತೊರವಿ, ಅದು ದಾಟಿದರೆ ಎರಡೂ ಕಡೆ ಬಯಲು. ಜೂನಿನಲ್ಲಿ ಮಿರಗದ ಮಳೆಯ ಹೊತ್ತಿಗೆ ಪಡುವಣ ಗಾಳಿ ಶುರುವಾದರೆ ಮೂರು ತಿಂಗಳು ಅದಕ್ಕೆ ದಣಿವೇ ಇಲ್ಲ. ಲಾರಿಯೊಂದು ಎದುರಿಗೆ ಬಂದು ದಾಟಿದಾಗ ಗಾಳಿ ಒಂದು ಕ್ಷಣ ನಿಂತು, ಮತ್ತೆ ಒಮ್ಮೆಲೇ ಬಂದು ಸ್ಕೂಟರನ್ನು ರಸ್ತೆಯ ಅಂಚಿಗೆ ತಳ್ಳುತ್ತಿತ್ತು. ಟಿಕೋಟಾದ ದ್ರಾಕ್ಷಿ ಒಣಗಿಸುವ ಶೆಡ್ಡುಗಳ ಹಸಿರು ಪರದೆಗಳು ಹಡಗಿನ ಹಾಯಿಗಳಂತೆ ಉಬ್ಬಿ ಪಟಪಟನೆ ಬಡಿದುಕೊಳ್ಳುತ್ತಿದ್ದವು. ಅಲ್ಲಿಂದ ಬಬಲೇಶ್ವರದ ಕಡೆಗೆ ತಿರುಗಿ, ಕಚ್ಚಾ ದಾರಿ ಹಿಡಿದು ದಿನ್ನೆ ಏರಬೇಕು.

ಅಲ್ಲಿ ಒಟ್ಟು ಹನ್ನೊಂದು ಯಂತ್ರಗಳು. ಊರಿನವರು ಅವನ್ನು ಪಂಕ ಎನ್ನುತ್ತಾರೆ. ಒಂದೊಂದರ ಬುಡದ ಸುತ್ತ ನೂರು ಹೆಜ್ಜೆಯ ಅಳತೆಯಲ್ಲಿ ಸುತ್ತು ಸುತ್ತಾಗಿ ನಡೆದು, ಸತ್ತದ್ದು ಸಿಕ್ಕರೆ ಫೋಟೋ ತೆಗೆದು, ಯಾವ ಹಕ್ಕಿ, ಬುಡದಿಂದ ಎಷ್ಟು ದೂರ, ಯಾವ ಸ್ಥಿತಿ ಎಂದು ಬರೆಯಬೇಕು. ಮೊದಲ ವಾರದಲ್ಲಿ ಎರಡು ಬಾವಲಿ, ಒಂದು ನೆಲಗುಬ್ಬಿ ಸಿಕ್ಕವು. ಆಮೇಲೆ ಒಂದು ಡೇಗೆ. ಅದರ ಮೈಮೇಲೆ ಒಂದು ಗಾಯವೂ ಇರಲಿಲ್ಲ, ಕಣ್ಣು ಮಾತ್ರ ಇರಲಿಲ್ಲ.

ಏಳನೇ ಪಂಕದ ಬಳಿ ತಗಡಿನ ಒಂದು ಕೋಣೆಯಿತ್ತು. ಅಲ್ಲಿ ಹಗಲಿನ ಕಾವಲಿಗೆ ಇದ್ದವರು ಟಿಕೋಟಾದ ಒಬ್ಬ ಹಿರಿಯರು. ಅರವತ್ತು ದಾಟಿತ್ತು. ಪ್ರಾಯದಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡಿದವರು, ಸೊಂಟ ನೋಯುತ್ತದೆಂದು ಅದನ್ನು ಬಿಟ್ಟಿದ್ದರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ, ಅವರು ನನ್ನನ್ನು ಅಕ್ಕಾರ ಎನ್ನುತ್ತಿದ್ದರು. ಕಿತ್ತಳೆ ಬಣ್ಣದ ಕಾವಲಿನ ಜಾಕೀಟು ತೊಟ್ಟು, ಗಾಳಿಗೆ ಬೆನ್ನು ಕೊಟ್ಟು, ಕೋಣೆಯ ಮರೆಯಲ್ಲಿ ಕೂತು ಚಹಾ ಕಾಸುತ್ತಿದ್ದರು. ನಾನು ಐದನೇ ಪಂಕ ಮುಗಿಸುವಾಗಲೇ ಎರಡು ಗ್ಲಾಸು ತೊಳೆದಿಡುತ್ತಿದ್ದರು.

ಏಳನೇ ಪಂಕದ ಕಾಗೆಗಳನ್ನು ಮೊದಲು ತೋರಿಸಿದವರು ಅವರೇ. ಊರಲ್ಲಿರುವ ಬೂದಿ ಕುತ್ತಿಗೆಯ ಕಾಗೆಗಳಲ್ಲ ಅವು. ಮೈಯೆಲ್ಲ ಕಪ್ಪು, ದಪ್ಪ ಕೊಕ್ಕಿನ ಕಾಡುಕಾಗೆಗಳು. ಒಂದು ಜೋಡಿ. ದಿನ್ನೆಯ ಪಡುವಣ ಇಳಿಜಾರಿಗೆ ಗಾಳಿ ಬಡಿದು ಮೇಲಕ್ಕೇರುವ ಜಾಗದಲ್ಲಿ ಅವು ರೆಕ್ಕೆ ಆಡಿಸದೆ ನಿಲ್ಲುತ್ತಿದ್ದವು. ಹಾರುತ್ತಿದ್ದವು ಎನ್ನಲು ಆಗುವುದಿಲ್ಲ; ಗಾಳಿಯಲ್ಲಿ ಮೊಳೆ ಹೊಡೆದು ತೂಗುಹಾಕಿದ ಹಾಗೆ ಇದ್ದಲ್ಲೇ ಇರುತ್ತಿದ್ದವು. ರೆಕ್ಕೆಯ ತುದಿಯ ಗರಿಗಳು ಮಾತ್ರ ಬೆರಳುಗಳಂತೆ ಬಿಚ್ಚಿಕೊಂಡು ಸಣ್ಣಗೆ ಅಲುಗುತ್ತಿದ್ದವು. ಇದ್ದಕ್ಕಿದ್ದಂತೆ ಒಂದು ಕಾಗೆ ರೆಕ್ಕೆ ಮುಚ್ಚಿ ಕಲ್ಲಿನಂತೆ ಬೀಳುತ್ತಿತ್ತು. ಇನ್ನೇನು ನೆಲ ಅನ್ನುವಷ್ಟರಲ್ಲಿ ಮೈ ತಿರುಗಿಸಿ, ಬೆನ್ನು ಕೆಳಗೆ ಮಾಡಿ ಒಂದು ಗಳಿಗೆ ಹಾಗೇ ತೇಲಿ, ಮತ್ತೆ ಏರುತ್ತಿತ್ತು. ಒಮ್ಮೆ ಒಂದು ಕಾಗೆ ಕೊಕ್ಕಿನಲ್ಲಿದ್ದ ಚಿಂದಿ ಬಟ್ಟೆಯನ್ನು ಬಿಟ್ಟಿತು. ಕೆಳಗಿದ್ದದ್ದು ಅದನ್ನು ಗಾಳಿಯಲ್ಲೇ ಹಿಡಿಯಿತು. ನಾನು ಹುಡುಗಿಯಂತೆ ನಕ್ಕುಬಿಟ್ಟೆ.

ಚಾಚಾ ತಮ್ಮ ಪ್ರಾಯದಲ್ಲಿ ಎರಡು ವರ್ಷ ರತ್ನಾಗಿರಿಯ ಕಡೆ ಗೋಡೆ ಕಟ್ಟಲು ಹೋಗಿದ್ದರಂತೆ. ಅಲ್ಲಿ ಸಮುದ್ರದ ದಂಡೆಯ ಬಂಡೆಗಳ ಮೇಲೆ ಕಾಗೆಗಳು ಹೀಗೇ ಗಾಳಿಯಲ್ಲಿ ಆಡುವುದನ್ನು ದಿನಾ ನೋಡುತ್ತಿದ್ದರಂತೆ. ಈ ಗಾಳಿಯೂ ಅಲ್ಲಿಂದಲೇ ಬರುವುದು ಎಂದರು. ಆಮೇಲೆ ಗ್ಲಾಸು ಕೆಳಗಿಟ್ಟು ಹೇಳಿದರು:

"ಅಲ್ಲಿ ಕಾಗಿಗೋಳು ಬರೇ ಆಡತಿದ್ದುವ್ರಿ ಅಕ್ಕಾರ."

ಅದರ ಅರ್ಥ ನನಗೆ ಆ ಹೊತ್ತು ಆಗಲಿಲ್ಲ. ನಾನು ದುರ್ಬೀನಿನಲ್ಲಿ ಕಣ್ಣಿಟ್ಟಿದ್ದೆ. ಆ ಜೋಡಿ ಪಂಕದ ತಿರುಗುವ ರೆಕ್ಕೆಗಳ ನಡುವಿನಿಂದ ದಾಟುವುದನ್ನು ಆ ದಿನ ಮೊದಲ ಸಲ ನೋಡಿದೆ. ಒಂದು ರೆಕ್ಕೆ ಕೆಳಗಿಳಿದು ಹೋದ ಬೆನ್ನಿಗೇ ಒಳಗೆ ನುಗ್ಗಿ, ಮುಂದಿನದು ಬರುವ ಮೊದಲು ಆಚೆ ಹೊರಡುತ್ತಿದ್ದವು. ಒಂದು ಸಲವೂ ಅವಸರ ಮಾಡಲಿಲ್ಲ, ಒಂದು ಸಲವೂ ಹಿಂಜರಿಯಲಿಲ್ಲ. ಅಷ್ಟು ತಿಂಗಳು ಹನ್ನೊಂದು ಪಂಕಗಳ ಕೆಳಗೆ ತಿರುಗಿದರೂ ನನಗೆ ಸತ್ತ ಕಾಗೆ ಒಂದೂ ಸಿಕ್ಕಿರಲಿಲ್ಲ.

ಆ ಆಷಾಢದ ಒಂದು ಬೆಳಿಗ್ಗೆ, ಕೆಳಗಿನ ಹಳ್ಳದ ದಂಡೆಯ ನೀಲಗಿರಿ ಮರದಲ್ಲಿ ಗೂಡು ಕಟ್ಟಿದ್ದ ಹದ್ದುಗಳಲ್ಲಿ ಒಂದು ದಿನ್ನೆಯ ಮೇಲೆ ಬಂತು. ತಲೆ ಬಾಗಿಸಿ ನೆಲವನ್ನೇ ನೋಡುತ್ತ ತೇಲುತ್ತಿತ್ತು. ಕಾಗೆಗಳು ಎರಡೂ ಎದ್ದವು. ಕಾಗೆ ಹದ್ದನ್ನು ಅಟ್ಟುವುದು ಹೊಸದೇನಲ್ಲ, ನಮ್ಮ ತಾರಸಿಯ ಮೇಲೂ ದಿನಾ ನಡೆಯುತ್ತದೆ. ಆದರೆ ಅಟ್ಟುವ ಕಾಗೆ ಕೂಗುತ್ತದೆ. ಇವು ಕೂಗಲಿಲ್ಲ. ಒಂದು ಮೇಲಿನಿಂದ ಒತ್ತುತ್ತ ಹೋಯಿತು, ಇನ್ನೊಂದು ಹಿಂದಿನಿಂದ ಬಂದು ಬಾಲದ ಗರಿ ಹಿಡಿದು ಎಳೆಯಿತು. ಹದ್ದು ಹೊರಳಿ ಹಿಂದಕ್ಕೆ ನೋಡಿತು. ಹಾಗೆ ನೋಡುತ್ತಿರುವಾಗಲೇ ಗಾಳಿ ಅದನ್ನು ಪಂಕದೊಳಕ್ಕೆ ಒಯ್ಯಿತು. ನೆನೆದ ಬಟ್ಟೆಯನ್ನು ಕಲ್ಲಿಗೆ ಬಡಿದಂಥ ಸಪ್ಪಳ ನನ್ನ ಕಿವಿಗೆ ತುಸು ತಡವಾಗಿ ಬಂತು. ನಾನು ನಡೆದು ಹತ್ತಿರ ಹೋಗುವಷ್ಟರಲ್ಲಿ ಕಾಗೆಗಳು ಅದರ ಮೇಲೆ ಕೂತು ತಿನ್ನುತ್ತಿದ್ದವು.

ಆ ಸಂಜೆ ಗಂಡನಿಗೆ ಹೇಳಿದೆ. ಅವರು ನಗಲಿಲ್ಲ, ಆದರೆ ಕಾಗೆ ಹದ್ದಿಗೆ ಎಲ್ಲಾ ಕಡೆ ಬೆನ್ನು ಹತ್ತುತ್ತದೆ, ಅಲ್ಲಿ ಪಂಕ ಇದೆ, ಬಡಿದಿದೆ, ಅಷ್ಟೇ ಅಂದರು. ಅವರ ಮಾತು ಸರಿ ಎಂದು ನನಗೂ ಅನಿಸಿತು. ಎಂಟು ದಿನದ ಮೇಲೆ ಒಂದು ಬೆಳ್ಳಕ್ಕಿಗೆ ಹಾಗೇ ಆಯಿತು. ಅದೇ ಪಂಕ, ಅದೇ ಕ್ರಮ. ಒಂದು ಮೇಲೆ, ಒಂದು ಹಿಂದೆ, ಎರಡಕ್ಕೂ ಸದ್ದಿಲ್ಲ. ನಾನು ದುರ್ಬೀನು ಕೆಳಗಿಳಿಸಿದೆ. ಚಾಚಾ ನನ್ನ ಮುಖ ನೋಡುತ್ತಿದ್ದರು.

"ಬ್ಯಾಟಿ ಆಡಾಕತ್ತಾವ್ರಿ ಅವು," ಎಂದರು. "ಪಂಕಾದ ಕೈಲೆ ಕೊಲ್ಲಸ್ತಾವ. ನಾ ಹ್ವಾದ ವರ್ಷದಿಂದ ನೋಡಾಕತ್ತೇನಿ. ಯಾರಿಗಿ ಹೇಳಲಿ? ಮುದಕಗ ಹುಚ್ಚ ಹಿಡದೈತಿ ಅಂತಾರ."

ನಮ್ಮ ಕೆಲಸ ನೋಡಿಕೊಳ್ಳುವವರು ಪುಣೆಯಲ್ಲಿದ್ದರು. ನನ್ನ ವರದಿಯ ಕೊನೆಗೆ ಈ ಬಗ್ಗೆ ಒಂದು ಪುಟ ಬರೆದು ಕಳಿಸಿದೆ. ಅವರು ಫೋನಿನಲ್ಲಿ ಬಹಳ ಸೌಜನ್ಯದಿಂದಲೇ ಮಾತಾಡಿದರು. ಹಕ್ಕಿ ಯಾವುದು, ಎಲ್ಲಿ ಬಿತ್ತು ಎಂಬುದು ಸಾಕು, ಉಳಿದದ್ದು ನಿಮ್ಮ ಊಹೆ, ತೆಗೆದುಬಿಡಿ ಎಂದರು. ತೆಗೆದೆ.

ನೀಲಗಿರಿ ಮರದಲ್ಲಿ ಒಂಟಿ ಹದ್ದು ಉಳಿದಿತ್ತು. ಅದಕ್ಕೇನೂ ಆಗಬಾರದೆಂದು ನನಗೆ ಒಂದು ಹಟ ಬಂತು. ನಾನು ಮಧ್ಯಾಹ್ನಕ್ಕೆಲ್ಲ ಮನೆಗೆ ಹೊರಡುವವಳು, ಚಾಚಾ ಸಂಜೆಯ ತನಕ ಅಲ್ಲೇ ಇರುವವರು. ಆ ಕಾಗೆಗಳನ್ನು ಏಳನೇ ಪಂಕದಿಂದ ಓಡಿಸಿಬಿಡಿ, ನಾಲ್ಕು ದಿನ ಕಾಡಿದರೆ ಜಾಗ ಬಿಡುತ್ತವೆ ಎಂದು ಅವರಿಗೆ ಹೇಳಿದವಳು ನಾನೇ. ಅವರು ಒಪ್ಪಲು ಹಿಂದೆಮುಂದೆ ನೋಡಿದರು. ಅವುಗಳ ತಂಟೆ ಬೇಡ ಎಂದರು. ನಾನು ಮತ್ತೆ ಮತ್ತೆ ಹೇಳಿದೆ. ಜೀವಶಾಸ್ತ್ರ ಕಲಿಸಿದವಳು ನಾನು, ನನ್ನ ಮಾತಿಗೆ ಅವರು ಬೆಲೆ ಕೊಡುತ್ತಿದ್ದರು. ಕೊನೆಗೆ ಮನೆಯಿಂದ ಒಂದು ಕವಣೆ ತಂದರು. ಎಳೆಯ ವಯಸ್ಸಿನಲ್ಲಿ ಜೋಳದ ಹೊಲದಲ್ಲಿ ಹಕ್ಕಿ ಕಾಯ್ದ ಕೈ ಅದು. ಗುರಿ ಇನ್ನೂ ತಪ್ಪಿರಲಿಲ್ಲ. ಮೂರನೇ ದಿನ ಒಂದು ಕಲ್ಲು, ಜೋಡಿಯಲ್ಲಿ ತುಸು ದೊಡ್ಡದಾದ ಗಂಡು ಕಾಗೆಯ ಎಡರೆಕ್ಕೆಗೆ ತಾಗಿತು. ಎರಡು ಗರಿ ಉದುರಿದವು. ಕಾಗೆ ವಾಲುತ್ತ ಹಳ್ಳದ ಕಡೆಗೆ ಹೋಯಿತು. ಮರುದಿನ ಇಬ್ಬರೂ ಚಹಾ ಕುಡಿಯುತ್ತ ಖಾಲಿ ಆಕಾಶ ನೋಡಿದೆವು. ನನಗೆ ಬಹಳ ಸಮಾಧಾನವಾಗಿತ್ತು.

ಅದರ ಮರುದಿನ ಅವು ತಿರುಗಿ ಬಂದವು. ಗಂಡು ಕಾಗೆಯ ಎಡರೆಕ್ಕೆಯಲ್ಲಿ ಹಲ್ಲು ಬಿದ್ದ ಬಾಯಿಯಂತೆ ಒಂದು ಸಂದು ಕಾಣುತ್ತಿತ್ತು. ಆದರೂ ಅದು ಮೊದಲಿನಂತೆಯೇ ಗಾಳಿಯಲ್ಲಿ ನಿಲ್ಲುತ್ತಿತ್ತು. ಆ ಸಂದಿಗೆ ತಕ್ಕಂತೆ ಮೈಯನ್ನು ತುಸು ಓರೆ ಮಾಡುವುದನ್ನು ಎರಡೇ ದಿನದಲ್ಲಿ ಕಲಿತುಕೊಂಡಿತ್ತು. ಹದ್ದು ಬಂದರೂ ಅವು ಈಗ ಏಳುತ್ತಿರಲಿಲ್ಲ. ಚಾಚಾರನ್ನೇ ನೋಡುತ್ತಿದ್ದವು. ಅವರು ಕೋಣೆಯಿಂದ ಹೊರಗೆ ಕಾಲಿಟ್ಟರೆ ಸಾಕು, ಬೆನ್ನ ಹಿಂದಿನಿಂದ ಗಾಳಿಯ ಜೊತೆಗೇ ಇಳಿದು ತಲೆಗೆ ಉಗುರು ತಾಗಿಸಿ ಹೋಗುತ್ತಿದ್ದವು. ಗಾಳಿಯ ಭೋರಿನಲ್ಲಿ ರೆಕ್ಕೆಯ ಸಪ್ಪಳ ಕೇಳುತ್ತಿರಲಿಲ್ಲ. ಅವರು ಟಾವೆಲ್ಲು ಸುತ್ತಿಕೊಂಡರು, ಆಮೇಲೆ ಮೂತ್ರಕ್ಕೆ ಹೋಗುವಾಗಲೂ ಹೆಲ್ಮೆಟ್ಟು ಹಾಕಿಕೊಳ್ಳತೊಡಗಿದರು. ಸಂಜೆ ಮೊಪೆಡ್ಡು ಹತ್ತಿ ಹೊರಟರೆ ಕಚ್ಚಾ ದಾರಿ ಮುಗಿಯುವ ತನಕ ಜೊತೆಗೆ ಬರುತ್ತಿದ್ದವಂತೆ. ಆಮೇಲಾಮೇಲೆ ಟಾರು ರಸ್ತೆಯ ತಿರುವಿನ ತನಕ. ನಾನು ಅದೇ ದಾರಿಯಲ್ಲಿ ದಿನಾ ಓಡಾಡಿದರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಒಂದು ಶುಕ್ರವಾರ ಅವರ ಮನೆಗೆ ಹೋಗಿದ್ದೆ. ಅವರ ಹೆಂಡತಿ, ಚಾಚಿ, ಸಜ್ಜೆ ರೊಟ್ಟಿ ಬಡಿಯುತ್ತಿದ್ದರು. ಎರಡು ದಿನದಿಂದ ಎದುರಿನ ಬೇವಿನ ಮರಕ್ಕೆ ಎರಡು ದೊಡ್ಡ ಕಾಗೆ ಬಂದು ಕೂರುತ್ತಿವೆ, ಒದರುವುದೂ ಇಲ್ಲ, ರೊಟ್ಟಿ ಚೂರು ಹಾಕಿದರೆ ಮುಟ್ಟುವುದೂ ಇಲ್ಲ ಎಂದರು. ಊರಾಗ ಕಾಗಿ ಇರೂದಿಲ್ಲೇನು ಎಂದು ಚಾಚಾ ಮಾತು ಹಾರಿಸಿದರು. ಹೊರಡುವಾಗ ನಾನು ಮರದ ಕಡೆ ನೋಡಿದೆ. ಏನೂ ಇರಲಿಲ್ಲ. ಕೆಲಸ ಬೇರೆ ಪಂಕಕ್ಕೆ ಹಾಕಿಸಿಕೊಳ್ಳಿ ಎಂದು ನಾನು ಹೇಳಬಹುದಾಗಿತ್ತು. ಹೇಳಲಿಲ್ಲ. ಕಾಗೆಗೆ ಹೆದರಿ ಜಾಗ ಬಿಡುವುದು ಎಂದರೆ ನಾನು ಮಾಡಿಸಿದ್ದು ತಪ್ಪು ಎಂದಾಗುತ್ತಿತ್ತು.

ಅದಾದ ಮೇಲಿನ ಸೋಮವಾರ, ಏಳೂವರೆಯ ಸುಮಾರಿಗೆ, ನಾನು ಮೊದಲು ಏಳನೇ ಪಂಕಕ್ಕೇ ಹೋಗಿ ಅದರ ಬುಡದಲ್ಲಿದ್ದೆ. ಚಾಚಾ ಮೊಪೆಡ್ಡಿನಲ್ಲಿ ದಿನ್ನೆ ಏರಿ ಬರುವುದು ಕಾಣುತ್ತಿತ್ತು. ಗಾಳಿ ಅವರ ಬಲಕ್ಕಿತ್ತು. ಅದಕ್ಕೆ ಎದುರಾಗಿ ಮೊಪೆಡ್ಡನ್ನು ವಾಲಿಸಿಕೊಂಡು ಬರುತ್ತಿದ್ದರು. ಹಳ್ಳದ ಮೇಲೆ ಒಂದು ಸಣ್ಣ ಸೇತುವೆ ಇದೆ, ಎರಡೂ ಬದಿಗೆ ಮೊಣಕಾಲೆತ್ತರದ ಕಟ್ಟೆ. ಕಾಗೆಗಳು ಆ ಸೇತುವೆಯ ಮೇಲಿನ ಗಾಳಿಯಲ್ಲಿ ಮೊದಲೇ ನಿಂತಿದ್ದವು. ನಾನು ಕೂಗಿದೆ, ಗಾಳಿ ಎದುರಿತ್ತು, ನನ್ನ ದನಿ ನನ್ನ ಬಾಯಿಗೇ ತಿರುಗಿ ಬಂತು. ಒಂದು ಕಾಗೆ ಅವರ ಮುಖದ ಮುಂದೆ ಬಿತ್ತು. ಅವರು ಒಂದು ಕೈ ಎತ್ತಿದರು. ಇನ್ನೊಂದು ಹಿಂದಿನಿಂದ ಬಂತು. ಅವರು ಹೊರಳಿ ನೋಡಿದರು. ಗಾಳಿ ಮೊಪೆಡ್ಡನ್ನು ಕಟ್ಟೆಗೆ ತಳ್ಳಿತು, ಅವರು ಅದರ ಮೇಲಿಂದ ಆಚೆಗೆ ಬಿದ್ದರು.

ನಾನು ಓಡಿದೆ. ಹಳ್ಳದಲ್ಲಿ ನೀರು ಹೆಚ್ಚಿರಲಿಲ್ಲ, ಕಲ್ಲುಗಳಿದ್ದವು. ಅವರ ಬಲತೊಡೆ ಇರಬಾರದ ಕಡೆಗೆ ತಿರುಗಿತ್ತು. ಎಚ್ಚರವಿತ್ತು, ತುಟಿ ಬಿಳಿಚಿಕೊಂಡಿತ್ತು. ಕಾಗೆಗಳು ಸೇತುವೆಯ ಕಟ್ಟೆಯ ಮೇಲೆ ಪಕ್ಕಪಕ್ಕದಲ್ಲಿ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದವು. ನಾನು ಕಲ್ಲೊಂದನ್ನು ಕೈಗೆ ತೆಗೆದುಕೊಂಡೆ. ಅವು ಕದಲಲಿಲ್ಲ, ನನ್ನ ಮುಖವನ್ನು ಇನ್ನಷ್ಟು ಗಮನಕೊಟ್ಟು ನೋಡಿದವು. ನಾನು ಕಲ್ಲನ್ನು ಕೆಳಗೆ ಹಾಕಿದೆ.

ದ್ರಾಕ್ಷಿ ಶೆಡ್ಡಿನ ಕಡೆ ಹೊರಟಿದ್ದ ಟಂಟಂ ಆಟೋ ಒಂದನ್ನು ನಿಲ್ಲಿಸಿ, ನಾಲ್ಕು ಜನ ಹಿಡಿದು ಅವರನ್ನು ಮಲಗಿಸಿದೆವು. ವಿಜಯಪುರ ತಲುಪುವ ತನಕ ಅವರ ತಲೆ ನನ್ನ ತೊಡೆಯ ಮೇಲಿತ್ತು. ತೊರವಿ ದಾಟುವಾಗ ಅವರು ಕಣ್ಣು ತೆರೆದರು.

"ಕಾಗಿ ಸುದ್ದಿ ಯಾರ ಮುಂದೂ ತಗೀಬ್ಯಾಡ್ರಿ. ಗಾಳಿಗಿ ಬಿದ್ದಾನ ಅನ್ರಿ. ನೀವು ಹೇಳಿದ್ರಿ ಅನ್ನೂದು ನಾ ಮನ್ಯಾಗೂ ಹೇಳಿಲ್ಲ."

ಆಸ್ಪತ್ರೆಯಲ್ಲಿ ಕೇಳಿದ ಎಲ್ಲರಿಗೂ ಗಾಳಿಗೆ ಬಿದ್ದರು ಎಂದೇ ಹೇಳಿದೆ. ಚಾಚಿಗೂ ಹಾಗೇ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡು, ನೀವು ಅಲ್ಲಿ ಇರದಿದ್ದರೆ ಏನು ಗತಿ ಎಂದು ಅತ್ತರು. ಅಷ್ಟು ನಾಚಿಕೆ ನನಗೆ ಹಿಂದೆ ಯಾವತ್ತೂ ಆಗಿರಲಿಲ್ಲ.

ತೊಡೆಗೆ ರಾಡು ಹಾಕಿದರು. ಹತ್ತು ದಿನದ ಮೇಲೆ ಚಾಚಿ, ಕೋಣೆಯಲ್ಲಿರುವ ಅವರ ಚಹಾದ ಪಾತ್ರೆ, ಚಾದರ, ಜಾಕೀಟು ತಂದುಕೊಡಲು ಹೇಳಿದರು. ಹೊಸ ಕಾವಲುಗಾರ ನೀಲಿ ರೇನ್‌ಕೋಟು ತೊಟ್ಟು ಆರಾಮಾಗಿ ಬಯಲಲ್ಲಿ ತಿರುಗಾಡುತ್ತಿದ್ದ. ಅವನಿಗೆ ಯಾವ ತೊಂದರೆಯೂ ಆಗಿರಲಿಲ್ಲ. ಜಿಟಿಜಿಟಿ ಮಳೆಯ ಜೊತೆ ಗಾಳಿ ಮೈ ಕೊರೆಯುತ್ತಿತ್ತು. ಪಾತ್ರೆ, ಚಾದರ ಚೀಲಕ್ಕೆ ತುಂಬಿ, ಜಾಕೀಟನ್ನು ನಾನೇ ತೊಟ್ಟುಕೊಂಡು ಹೊರಗೆ ಬಂದೆ. ಹತ್ತು ಹೆಜ್ಜೆ ನಡೆದಿರಬಹುದು. ನೆತ್ತಿಯ ಮೇಲೆ ಯಾರೋ ಬಾಚಣಿಗೆಯಿಂದ ಗೀರಿದಂತಾಯಿತು. ಕೈ ಮುಟ್ಟಿ ನೋಡಿಕೊಂಡರೆ ರಕ್ತ. ಎಡರೆಕ್ಕೆಯಲ್ಲಿ ಸಂದು ಇದ್ದದ್ದು ನನ್ನೆದುರಿಗೆ ಗಾಳಿಯಲ್ಲಿ ತೂಗುತ್ತಿತ್ತು. ಎರಡನೆಯದು ಎಲ್ಲಿದೆ ಎಂದು ನಾನು ಹಿಂತಿರುಗಿ ನೋಡಲಿಲ್ಲ. ಹಿಂತಿರುಗಿದವರಿಗೆ ಏನಾಗುತ್ತದೆ ಎಂಬುದನ್ನು ಮೂರು ಸಲ ನೋಡಿದ್ದೆ. ನಿಂತಲ್ಲೇ ಕೂತು ಜಾಕೀಟು ಕಳಚಿ ನೆಲಕ್ಕೆ ಹಾಕಿದೆ. ಅವು ನನ್ನನ್ನು ಬಿಟ್ಟು ಅದರ ಬಳಿ ಇಳಿದವು. ಹೆಣ್ಣು ಕಾಗೆ ತೋಳನ್ನು ಎಳೆದು, ಒಳಗೆ ಕೈ ಇಲ್ಲದ್ದನ್ನು ಕಂಡು, ಸುಮ್ಮನೆ ನಿಂತಿತು. ಜಾಕೀಟು ಸಿಗಲಿಲ್ಲ ಎಂದು ಚಾಚಿಗೆ ಸುಳ್ಳು ಹೇಳಿದೆ.

ಚಾಚಾ ಕೋಲು ಹಿಡಿದು ನಡೆಯುವಂತಾಗಲು ತಿಂಗಳುಗಳೇ ಹಿಡಿದವು. ಬಲಗಾಲು ಎರಡು ಬೆರಳು ಗಿಡ್ಡವಾಗಿತ್ತು. ಮುಂದಿನ ವರ್ಷ ಮಿರಗ ಕೂಡಿ ಗಾಳಿ ಮತ್ತೆ ಎದ್ದಾಗ, ಅವರಿಗೆ ಅದೇ ಜಾಗದಲ್ಲಿ ಕೂತು ಕಾಯುವ ಕೆಲಸ ತಿರುಗಿ ಸಿಕ್ಕಿತು. ಬೇಡ ಎಂದು ನಾನು ಬೇಡಿಕೊಂಡೆ. ಅವರು ಕೇಳಲಿಲ್ಲ. ಅವರ ಮಗಳ ಗಂಡ ಬೈಕಿನ ಹಿಂದೆ ಕೂರಿಸಿಕೊಂಡು ಬಂದು ದಿನ್ನೆಯ ಬುಡದಲ್ಲಿ ಇಳಿಸಿ ಹೋದ. ನಾನು ಎದುರಿಗೆ ಹೋಗಿ ನಿಂತೆ. ಕಾಗೆಗಳು ಏಳನೇ ಪಂಕದ ಏಣಿಯ ಮೇಲಿದ್ದವು, ಈಗ ಮೂರು. ಹಿಂದಿನ ವರ್ಷದ ಮರಿ ಒಂದು ಜೊತೆಗೆ ಉಳಿದಿತ್ತು. ಚಾಚಾ ಬಿಳಿ ಅಂಗಿ ತೊಟ್ಟು, ಒಂದು ಕಡೆಗೆ ವಾಲಿ, ಕೋಲೂರಿ, ಅವುಗಳ ಕೆಳಗೇ ನಡೆದು ಬಂದರು. ಗಂಡು ಕಾಗೆ ತಲೆ ಓರೆ ಮಾಡಿ ನೋಡಿತು. ಆಮೇಲೆ ಬೇರೆ ಕಡೆ ತಿರುಗಿತು.

ಅವರು ಕೋಣೆಯ ಮರೆಯಲ್ಲಿ ಕೂತು ಉಸಿರು ಬಿಟ್ಟರು.

"ನನ್ನ ನಡಿಗಿ ಹ್ವಾತಲ್ಲರಿ ಅಕ್ಕಾರ. ಗುರ್ತ ಹತ್ತಲಿಲ್ಲ ಅವಕ್ಕ."

ನಾನು ಸ್ಟೋವು ಹಚ್ಚಿದೆ.

ಅದೇ ತಿಂಗಳು ನೀಲಗಿರಿ ಮರದ ಒಂಟಿ ಹದ್ದು ದಿನ್ನೆಯ ಮೇಲೆ ಬಂತು. ನಾವಿಬ್ಬರೂ ಚಹಾ ಕುಡಿಯುತ್ತಿದ್ದೆವು. ಕಾಗೆಗಳು ಎದ್ದವು. ಈ ಸಲ ಗಂಡು ಮೇಲೆ ಹೋಯಿತು, ಹೆಣ್ಣು ಪಕ್ಕಕ್ಕೆ ಸರಿಯಿತು, ಹಿಂದಿನಿಂದ ಹೋದದ್ದು ಮರಿ. ಅದಕ್ಕೆ ಇನ್ನೂ ಅಷ್ಟು ಬರುತ್ತಿರಲಿಲ್ಲ. ಗಾಳಿ ಅದನ್ನು ಎರಡು ಸಲ ಆಚೆ ಎಸೆಯಿತು. ಮೂರನೇ ಸಲ ಬಾಲ ಸಿಕ್ಕಿತು. ಚಾಚಾ ಬಾಯಲ್ಲಿ ಏನೋ ದುವಾ ಹೇಳಿಕೊಳ್ಳುತ್ತಿದ್ದರು. ಅವರ ಕೋಲು ಗೋಡೆಗೆ ಒರಗಿತ್ತು, ನನ್ನ ಕಾಲ ಬಳಿ ಕಲ್ಲುಗಳಿದ್ದವು. ಇಬ್ಬರೂ ಏಳಲಿಲ್ಲ, ಕೂಗಲಿಲ್ಲ.

ಸಪ್ಪಳ ಕೇಳಿದ ಮೇಲೆ ನಾನು ಹಾಳೆ ತೆಗೆದುಕೊಂಡು ಹೋದೆ. ಹದ್ದು ಬುಡದಿಂದ ಮೂವತ್ತೆರಡು ಹೆಜ್ಜೆ ದೂರದಲ್ಲಿ ಬಿದ್ದಿತ್ತು. ಮೂರು ಕಾಗೆಗಳೂ ಅದರ ಸುತ್ತ ಇದ್ದವು. ಮೊದಲೆಲ್ಲ ನಾನು ಹತ್ತಿರ ಹೋದರೆ ಅವು ಹಾರಿ ಏಣಿಗೆ ಹೋಗುತ್ತಿದ್ದವು. ಆ ದಿನ ಹಾರಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದು ನನಗೆ ಜಾಗ ಬಿಟ್ಟವು. ನಾನು ಫೋಟೋ ತೆಗೆದು, ದೂರ ಅಳೆದು, ಬರೆದು ಮುಗಿಸುವ ತನಕ ಕಾದವು. ಪೆನ್ನು ಮುಚ್ಚಿ ನಾನು ತಿರುಗಿದ ಮೇಲೆ ಮುಂದೆ ಬಂದು ತಿನ್ನಲು ಶುರುಮಾಡಿದವು.

ಆ ತಿಂಗಳ ಕೊನೆಗೆ ನಾನು ಕೆಲಸ ಬಿಟ್ಟೆ.